ಗೆಳೆತನಕ್ಕೊಂದು ಬೆಟ್ಟದ ನೆಪ

‘ಈ ಸಲದ್ದು ಬಿಟ್ಟುಬಿಡೋಣ ಕಣೋ. ಇನ್ನು ಸಾಕು.’

ಕಳೆದ ತಿಂಗಳು ಗೆಳೆಯನೊಬ್ಬ ಫೋನಿನಲ್ಲಿ ಹೀಗೆಂದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವನು ಬಿಡೋಣವೆಂದದ್ದು ಪ್ರತಿ ಡಿಸೆಂಬರಿನಲ್ಲಿ ನಾವು ನಾಲ್ವರು ಕೈಗೊಳ್ಳುತ್ತ ಬಂದಿರುವ ಚಾರಣವನ್ನು. 1988ರಲ್ಲಿ ಕಾಲೇಜಿನ ಹಾಸ್ಟೆಲಿನಲ್ಲಿ ಆರಂಭವಾದ ಈ ಪರಿಪಾಠ ಇದುವರೆಗೆ ತಪ್ಪಿದ್ದು ಎರಡೇ ಬಾರಿ: ಒಮ್ಮೆ ನನ್ನ ತಂದೆ ತೀರಿಕೊಂಡಾಗ, ಇನ್ನೊಮ್ಮೆ ಕೋವಿಡ್ ಕಾಲದ 2020ರಲ್ಲಿ. ಈಗ ಅವನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿದೆ. ಮತ್ತೊಬ್ಬನ ಮೊಣಕಾಲು ಮಾತು ಕೇಳುತ್ತಿಲ್ಲ. ಮೂರನೆಯವನು ಮಗಳ ಬಾಣಂತನಕ್ಕೆಂದು ಪತ್ನಿಯೊಡನೆ ವಿದೇಶಕ್ಕೆ ಹೊರಟು ನಿಂತಿದ್ದಾನೆ. ಅರವತ್ತರ ಹೊಸ್ತಿಲಲ್ಲಿರುವವರು ಬೆಟ್ಟ ಹತ್ತುವುದನ್ನು ನಿಲ್ಲಿಸಿದರೆ ಲೋಕಕ್ಕೇನೂ ನಷ್ಟವಿಲ್ಲ, ನಿಜ. ಆದರೆ ನಿಂತುಹೋಗುವುದು ಬೆಟ್ಟ ಹತ್ತುವುದು ಮಾತ್ರವೇ ಎಂಬುದು ನನ್ನನ್ನು ಕಾಡಿದ ಪ್ರಶ್ನೆ.

ನಮ್ಮ ಮಧ್ಯಮ ವರ್ಗದ ಗಂಡಸರ ಗೆಳೆತನ ಒಂದು ವಿಚಿತ್ರ ವಸ್ತು. ಇಪ್ಪತ್ತರ ಹರೆಯದಲ್ಲಿ ಅದಿಲ್ಲದೆ ದಿನ ಕಳೆಯದು. ಮೂವತ್ತೈದರ ಹೊತ್ತಿಗೆ ಅದು ಮದುವೆ ಮನೆಯ ಊಟದ ಪಂಕ್ತಿಗೆ, ಗೃಹಪ್ರವೇಶದ ಫೋಟೋಗೆ, ಕೊನೆಗೆ ಸಾವಿನ ಮನೆಯ ಅಂಗಳಕ್ಕೆ ಸೀಮಿತವಾಗುತ್ತದೆ. ‘ಒಮ್ಮೆ ಸಿಗೋಣ’ ಎಂಬ ಮಾತು ಮಾತಾಗಿಯೇ ಉಳಿಯುತ್ತದೆ. ಹೆಂಗಸರು ಹಬ್ಬ, ಬಾಗಿನ, ಒಂದು ಫೋನ್ ಕರೆಯ ಮೂಲಕ ಸಂಬಂಧಗಳನ್ನು ಕಾಪಾಡಿಕೊಂಡು ಬಂದಿರುವ ಜಾಣ್ಮೆ ನಮಗೆ ಒಲಿದಿಲ್ಲ. ಇಬ್ಬರು ಗಂಡಸರನ್ನು ಎದುರುಬದುರು ಕೂರಿಸಿ ಹೇಗಿದ್ದೀರಿ ಎಂದು ಕೇಳಿ. ಚೆನ್ನಾಗಿದ್ದೇವೆ ಎನ್ನುತ್ತಾರೆ, ಮಾತು ಮುಗಿಯುತ್ತದೆ. ಅದೇ ಇಬ್ಬರನ್ನು ಒಂದೇ ಕಾಲುದಾರಿಯಲ್ಲಿ ಒಬ್ಬರ ಹಿಂದೊಬ್ಬರಂತೆ ಆರು ಗಂಟೆ ನಡೆಸಿ. ಕಣ್ಣು ದಾರಿಯ ಮೇಲಿರುತ್ತದೆ, ಮುಖ ಮುಖ ನೋಡಬೇಕಾದ ಸಂಕೋಚವಿರುವುದಿಲ್ಲ. ಅಲ್ಲಿ ಬೇರೆಯದೇ ಮಾತು ಹೊರಡುತ್ತದೆ. ನಮ್ಮ ಗೆಳೆತನಕ್ಕೆ ಒಂದು ನೆಪ ಬೇಕು. ಪ್ರಯಾಣ ಅಂಥ ನೆಪಗಳಲ್ಲಿ ದೊಡ್ಡದು.

ಪರ್ವತಾರೋಹಣದ ಚರಿತ್ರೆಯಲ್ಲಿ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. 1930ರಲ್ಲಿ ಕೆನ್ಯಾದಲ್ಲಿ ಇಬ್ಬರು ಇಂಗ್ಲಿಷರು ಜೊತೆಯಾದರು. ಒಬ್ಬ ಇಪ್ಪತ್ತೆರಡರ ಎರಿಕ್ ಶಿಪ್ಟನ್. ಇನ್ನೊಬ್ಬ ಅವನಿಗಿಂತ ಒಂಬತ್ತು ವರ್ಷ ಹಿರಿಯ, ಮೊದಲ ಮಹಾಯುದ್ಧದಲ್ಲಿ ಹೋರಾಡಿ ಬಂದು ಕಾಫಿ ತೋಟ ಮಾಡಿಕೊಂಡಿದ್ದ ಬಿಲ್ ಟಿಲ್ಮನ್. ಅದೇ ವರ್ಷ ಇಬ್ಬರೂ ಮೌಂಟ್ ಕೆನ್ಯಾವನ್ನು ಹೊಸ ದಾರಿಯಲ್ಲಿ ಏರಿದರು. 1934ರಲ್ಲಿ ಆಂಗ್‌ಥರ್ಕೆ, ಪಸಾಂಗ್, ಕುಸಾಂಗ್ ಎಂಬ ಮೂವರು ಶೆರ್ಪಾಗಳೊಡನೆ ಋಷಿಗಂಗೆಯ ಭಯಾನಕ ಕಮರಿಯನ್ನು ದಾಟಿ, ಅದುವರೆಗೆ ಯಾರೂ ಕಾಲಿಡದಿದ್ದ ನಂದಾದೇವಿಯ ಒಳಕಣಿವೆಯನ್ನು ಹೊಕ್ಕರು. ದೊಡ್ಡ ಆರೋಹಣಗಳೆಂದರೆ ನೂರಾರು ಕೂಲಿಯಾಳುಗಳ ಮೆರವಣಿಗೆಯಾಗಿದ್ದ ಕಾಲವದು. ಇವರ ತಿಂಗಳುಗಟ್ಟಲೆಯ ಯಾತ್ರೆಗೆ ತಗುಲಿದ ವೆಚ್ಚ 300 ಪೌಂಡಿಗೂ ಕಡಿಮೆ.

ಆ ಗೆಳೆತನದ ನಿಜವಾದ ಪರೀಕ್ಷೆ ನಡೆದದ್ದು ಕಮರಿಯಲ್ಲಲ್ಲ. 1935ರ ಎವರೆಸ್ಟ್ ಪರಿಶೀಲನಾ ತಂಡಕ್ಕೆ ಶಿಪ್ಟನ್ ನಾಯಕ, ಟಿಲ್ಮನ್ ಸದಸ್ಯ. ಆ ಎತ್ತರಕ್ಕೆ ಟಿಲ್ಮನ್ನನ ದೇಹ ಹೊಂದಿಕೊಳ್ಳಲಿಲ್ಲವೆಂದು ಮರುವರ್ಷದ ಎವರೆಸ್ಟ್ ತಂಡದಲ್ಲಿ ಅವನಿಗೆ ಸ್ಥಾನ ದೊರೆಯಲಿಲ್ಲ. ಶಿಪ್ಟನ್ ಹೋದ, ಆ ತಂಡ ಬರಿಗೈಯಲ್ಲಿ ಮರಳಿತು. ಅದೇ 1936ರ ಆಗಸ್ಟ್ 29ರಂದು ಟಿಲ್ಮನ್, ನೋಯೆಲ್ ಓಡೆಲ್ ಜೊತೆಯಲ್ಲಿ 7,816 ಮೀಟರ್ ಎತ್ತರದ ನಂದಾದೇವಿಯ ನೆತ್ತಿಯ ಮೇಲೆ ನಿಂತಿದ್ದ. 1950ರವರೆಗೆ ಮನುಷ್ಯ ಏರಿದ ಅತಿ ಎತ್ತರದ ಶಿಖರವದು. ಅದರ ಬಾಗಿಲು ತೆರೆಯಲು ಜೊತೆಗೂಡಿ ದುಡಿದ ಶಿಪ್ಟನ್ ಆ ದಿನ ಅಲ್ಲಿರಲಿಲ್ಲ. ಇಬ್ಬರ ನಡುವೆ ಮುನಿಸು ಹುಟ್ಟಲು ಇಷ್ಟು ಸಾಕಿತ್ತು. ಆದರೆ 1937ರಲ್ಲಿ ಇಬ್ಬರೂ ಕಾರಕೋರಂ ಆಚೆಯ ಶಕ್ಸ್‌ಗಾಮ್ ಕಣಿವೆಯಲ್ಲಿ ಮತ್ತೆ ಜೊತೆಯಾಗಿದ್ದರು. 1938ರ ಎವರೆಸ್ಟ್ ತಂಡಕ್ಕೆ ಟಿಲ್ಮನ್ ನಾಯಕನಾದಾಗ ಶಿಪ್ಟನ್ ಅವನ ಕೈಕೆಳಗಿನ ಸದಸ್ಯನಾಗಿ ಹೊರಟ. ಹೆಗಲು ಬದಲಿಸುವಷ್ಟು ಸರಾಗವಾಗಿ ನಾಯಕತ್ವವನ್ನು ಬದಲಿಸಿಕೊಳ್ಳುವುದು ಕಚೇರಿಗಳಲ್ಲಿ, ಅಣ್ಣತಮ್ಮಂದಿರ ನಡುವೆ ಕೂಡ ಅಪರೂಪ.

ಇವರ ಬಗೆಗೆ ಒಂದು ಸ್ವಾರಸ್ಯಕರ ಪ್ರಸಂಗವನ್ನು ಶಿಪ್ಟನ್ನನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅಷ್ಟು ಕಾಲ ಒಂದೇ ಗುಡಾರದಲ್ಲಿ ಮಲಗಿದ್ದರೂ ಟಿಲ್ಮನ್ ಅವನನ್ನು ಕರೆಯುತ್ತಿದ್ದುದು ಮನೆತನದ ಹೆಸರಿನಿಂದ. ‘ಎರಿಕ್ ಎನ್ನಬಾರದೇ’ ಎಂದು ಕೇಳಿದರೆ, ಹಾಗೆ ಕರೆಯುವುದು ತೀರಾ ಪೆದ್ದುತನವೆನಿಸುತ್ತದೆಂದು ಟಿಲ್ಮನ್ ನಾಚಿಕೊಂಡನಂತೆ. ಭೇಟಿಯಾದ ಮರುದಿನವೇ ‘ಏನೋ ಮಾರಾಯ’ ಎನ್ನುವ ನಮಗೆ ಇದು ನಗು ತರಿಸೀತು. ಆದರೆ ಏಕವಚನದಲ್ಲಿ ಗದರಿಕೊಳ್ಳುವ ನಾವು ಮನಸ್ಸಿನ ಮಾತು ಬಂದಾಗ ಅವನಷ್ಟೇ ನಾಚುವವರಲ್ಲವೇ?

2009ರ ಡಿಸೆಂಬರಿನಲ್ಲಿ ನಾವು ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತ ಏರಿದ್ದೆವು. ಭಟ್ಟರ ಮನೆಯಲ್ಲಿ ಅನ್ನ ಸಾರು ಉಂಡು, ಕಲ್ಲುಮಂಟಪದ ಬಳಿ ರಾತ್ರಿ ತಂಗಿದ್ದೆವು. ಒಲೆಯ ಕೆಂಡ ಕೆದಕುತ್ತ ಕೂತಿದ್ದ ಗೆಳೆಯನೊಬ್ಬ, ಯಾರೂ ಕೇಳದಿದ್ದರೂ, ‘ನನಗೆ ಏಪ್ರಿಲ್‌ನಿಂದ ಕೆಲಸ ಇಲ್ಲ’ ಎಂದ. ಆರ್ಥಿಕ ಹಿಂಜರಿತದ ವರ್ಷವದು. ಎಂಟು ತಿಂಗಳಿಂದ ಅವನು ಬೆಳಿಗ್ಗೆ ಎಂದಿನಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೊರಟು, ಗ್ರಂಥಾಲಯಗಳಲ್ಲಿ, ಉದ್ಯಾನಗಳಲ್ಲಿ ಹೊತ್ತು ಕಳೆದು ಸಂಜೆ ಮನೆ ಸೇರುತ್ತಿದ್ದ. ನಾವು ನಾಲ್ವರೂ ಒಂದೇ ಊರಿನವರು. ಆ ಎಂಟು ತಿಂಗಳಲ್ಲಿ ಎರಡು ಮದುವೆಗಳಲ್ಲಿ ಅವನೊಡನೆ ಊಟ ಮಾಡಿದ್ದೆವು. ನಮಗೆ ಯಾರಿಗೂ ತಿಳಿದಿರಲಿಲ್ಲ. ಆ ರಾತ್ರಿ ನಾವು ಹೆಚ್ಚೇನೂ ಹೇಳಲಿಲ್ಲ. ಮರುದಿನ ಶೇಷಪರ್ವತದ ಏರಿನಲ್ಲಿ ಒಬ್ಬ ಅವನ ಚೀಲವನ್ನೂ ಹೊತ್ತ. ಊರಿಗೆ ಮರಳಿದ ಮೇಲೆ ಇಬ್ಬರು ಅವನೊಡನೆ ಮನೆಗೆ ಹೋಗಿ, ಅವನು ಹೆಂಡತಿಗೆ ವಿಷಯ ಹೇಳುವಾಗ ಪಕ್ಕದಲ್ಲಿ ಕೂತರು. ಆ ವರ್ಷದ ಚಾರಣ ತಪ್ಪಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಈಗಲೂ ಭಯವಾಗುತ್ತದೆ.

ಇಂಥ ಪ್ರಯಾಣಗಳು ಸಂಸಾರದ ಹೊಣೆಯಿಂದ ಪಲಾಯನವೆಂಬ ಆಕ್ಷೇಪವಿದೆ. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ‘ನೀವು ನಾಲ್ವರು ಹೊರಟಾಗ ನಾಲ್ಕು ಮನೆ ನೋಡಿಕೊಳ್ಳುವವರು ಯಾರು? ನಾವು ನಾಲ್ವರು ಹೊರಟರೆ?’ ಎಂದು ನನ್ನ ಪತ್ನಿ ಒಮ್ಮೆ ಕೇಳಿದಳು. ಉತ್ತರವಿರಲಿಲ್ಲ. ಅಲ್ಲಿಂದೀಚೆಗೆ ವರ್ಷಕ್ಕೊಮ್ಮೆ ಅವರೂ ಹೊರಡುತ್ತಾರೆ. ಆ ದಿನಗಳಲ್ಲಿ ಅಡುಗೆಮನೆ ನಮ್ಮದು. ಮನೆಯವರ ಹೆಗಲ ಮೇಲೆ ಭಾರ ಹೊರಿಸಿ ಬೆಳೆಸುವ ಗೆಳೆತನಕ್ಕೆ ಘನತೆಯಿಲ್ಲ. ಬೆಟ್ಟಗಳ ಪಾಡೂ ಯೋಚಿಸಬೇಕಾದದ್ದೇ. ವಾರಾಂತ್ಯದಲ್ಲಿ ನುಗ್ಗುವ ಜನಜಂಗುಳಿ, ಅದು ಬಿಟ್ಟುಹೋಗುವ ಪ್ಲಾಸ್ಟಿಕ್ ಬಾಟಲಿಗಳು ಪಶ್ಚಿಮಘಟ್ಟವನ್ನು ಹೈರಾಣಾಗಿಸಿವೆ. ಈಗ ಅನೇಕ ಚಾರಣಗಳಿಗೆ ಅರಣ್ಯ ಇಲಾಖೆಯ ಮುಂಗಡ ಅನುಮತಿ ಬೇಕಾಗಿರುವುದು ಸರಿಯಾಗಿಯೇ ಇದೆ. ಸಾಹಸವೆಂದರೆ ಕಣಿವೆಯ ಅಂಚಿನಲ್ಲಿ ನಿಂತು ತೆಗೆದುಕೊಳ್ಳುವ ಚಿತ್ರವಲ್ಲ. ಹಿಂದೆ ಬರುವವನ ಉಸಿರು ಕೇಳಿಸಿಕೊಂಡು ನಮ್ಮ ನಡಿಗೆ ನಿಧಾನಿಸುವುದು ಅದಕ್ಕಿಂತ ಕಷ್ಟದ ಸಾಹಸ.

ಶಿಪ್ಟನ್ ಕಾಶ್ಗರದಲ್ಲಿ ಬ್ರಿಟಿಷ್ ಕಾನ್ಸುಲ್ ಜನರಲ್ ಆಗಿದ್ದಾಗ, 1947ರಲ್ಲಿ, ಟಿಲ್ಮನ್ ಅಲ್ಲಿಗೆ ಹೋದ. ಇಬ್ಬರೂ ಮುಜ್‌ತಾಗ್ ಅಟಾ ಶಿಖರವನ್ನು ಏರಲು ಹೊರಟು, ತುದಿ ಮುಟ್ಟದೆ ಹಿಂತಿರುಗಿದರು. ಶಿಪ್ಟನ್ನನ ಪಾದಗಳಿಗೆ ಹಿಮದ ಹೊಡೆತ ಬಿದ್ದಿತ್ತು. ಮುಂದೆ ಒಬ್ಬ ಪೆಟಗೋನಿಯಾದ ಹಿಮರಾಶಿಯತ್ತ, ಇನ್ನೊಬ್ಬ ಹಳೆಯ ಹಾಯಿದೋಣಿಗಳಲ್ಲಿ ಧ್ರುವಸಾಗರಗಳತ್ತ ನಡೆದರು. 1977ರ ಮಾರ್ಚ್‌ನಲ್ಲಿ ಶಿಪ್ಟನ್ ತೀರಿಕೊಂಡ. ಅದೇ ವರ್ಷದ ಕೊನೆಯಲ್ಲಿ, ಎಂಬತ್ತರ ಅಂಚಿನಲ್ಲಿದ್ದ ಟಿಲ್ಮನ್ ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ತನ್ನ ಸಂಗಡಿಗರೊಡನೆ ಕಣ್ಮರೆಯಾದ. ಅವರಿಬ್ಬರೂ ಕೂಡಿ ಏರಿದ ಶಿಖರಗಳಿಗಿಂತ ಕೂಡಿ ಹಿಂತಿರುಗಿದ ಶಿಖರಗಳೇ ಅವರ ಗೆಳೆತನದ ಬಗ್ಗೆ ಹೆಚ್ಚು ಹೇಳುತ್ತವೆ ಎಂದು ನನಗನಿಸುತ್ತದೆ.

ಆದ್ದರಿಂದ ಗೆಳೆಯನಿಗೆ ಮರುದಿನ ನಾನೇ ಫೋನ್ ಮಾಡಿದೆ. ಡಿಸೆಂಬರ್ ಬೇಡ, ವಿದೇಶಕ್ಕೆ ಹೋದವನು ಮರಳಲಿ, ಫೆಬ್ರವರಿಯ ಎರಡನೇ ಶನಿವಾರ ಹೊರಡೋಣ ಎಂದೆ. ಬೆಟ್ಟ ಹತ್ತುವುದು ಬೇಡ. ಕುಕ್ಕೆಯಲ್ಲಿ ಕುಮಾರಧಾರೆಯ ದಂಡೆಯಲ್ಲಿ ವೈದ್ಯರು ಹೇಳಿದಷ್ಟೇ ನಡೆಯೋಣ, ಪರ್ವತವನ್ನು ಕೆಳಗಿನಿಂದ ನೋಡೋಣ. ದಾರಿ ಗಿಡ್ಡವಾದರೂ ಸರಿ, ದಿನಾಂಕ ತಪ್ಪಬಾರದು. ಈ ಅಂಕಣದ ಓದುಗರಲ್ಲೂ ‘ಒಮ್ಮೆ ಸಿಗೋಣ’ ಎಂದು ಹೇಳಿ ವರ್ಷಗಳೇ ಕಳೆದಿರುವ ಗೆಳೆಯನೊಬ್ಬ ಎಲ್ಲರಿಗೂ ಇದ್ದಾನು. ಅವನು ಚೆನ್ನಾಗಿದ್ದಾನೆಂದೇ ನಾವು ತಿಳಿದಿರುತ್ತೇವೆ. ನಮ್ಮ ಗೆಳೆಯನೂ ಎಂಟು ತಿಂಗಳು ಚೆನ್ನಾಗಿಯೇ ಇದ್ದ.

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಅವನೆಂದ: ‘ಬಸ್ಸಿನಲ್ಲಿ ಹಿಂದಿನ ಸೀಟು ಮಾತ್ರ ಬೇಡ ಕಣೋ.’