ಜ್ವರ, ಕೆಮ್ಮಿಗೂ ಬೇಕು ವಿಮೆ

ಜೇವರ್ಗಿ ತಾಲ್ಲೂಕಿನ ಕೊಳಕೂರದಂಥ ಊರಿನಲ್ಲಿ ಮಗುವಿಗೆ ಹೃದಯದ ಶಸ್ತ್ರಚಿಕಿತ್ಸೆ ಎಂದರೆ ಹಿಂದೆ ಬಡವರು ಹೊಲ ಮಾರಬೇಕಿತ್ತು. ಅಂಥವರಿಗಾಗಿ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಆರಂಭವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಇದು ಸ್ವಾಗತಾರ್ಹ.

ಆದರೆ ಈ ನೆರವು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಜ್ವರ, ಕೆಮ್ಮಿಗೆ ಹೊರಗೆ ಕೊಳ್ಳುವ ಔಷಧಿ, ಬಸ್ ಚಾರ್ಜು, ತಪ್ಪಿದ ಕೂಲಿ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ತಾಯಿ ಎರಡು ದಿನ ಕಾದು ನೋಡುತ್ತಾಳೆ. ಅಷ್ಟರಲ್ಲಿ ಕೆಮ್ಮು ನ್ಯುಮೋನಿಯಾ ಆಗಿಬಿಡಬಹುದು. ರೋಗ ಉಲ್ಬಣಿಸಿದ ಮೇಲೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಮೊದಲ ದಿನವೇ ಕೊಡಬಾರದೇಕೆ? ಮಕ್ಕಳ ಹೊರರೋಗಿ ಚಿಕಿತ್ಸೆಯನ್ನೂ ಸರ್ಕಾರ ವಿಮೆಗೆ ಸೇರಿಸಲಿ. ಓದುಗರೂ ಒಂದು ಕೆಲಸ ಮಾಡಬಹುದು: ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿದೆಯೇ, ಇಂದೇ ನೋಡಿಕೊಳ್ಳಿ.