ಎಣಿಕೆಯ ದಿನ ಬರುವ ಮುನ್ನ

ಪ್ರತಿ ಫೆಬ್ರವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ನಾಡಿನ ತಾಂಡಾಗಳು ಹರಿದು ಬರುತ್ತವೆ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದರೆಂದು ಬಂಜಾರರು, ಅಂದರೆ ಲಂಬಾಣಿಗಳು, ನಂಬಿ ಕೈಮುಗಿಯುವ ನೆಲವಿದು, ಅವರ ಬಾಯಲ್ಲಿ ಭಾಯಾಗಡ್. ಮಾಲೆ ಹಾಕಿ ವ್ರತ ಹಿಡಿದವರು ಊರೂರುಗಳಿಂದ ನಡೆದೇ ಬರುತ್ತಾರೆ. 2027ರಲ್ಲಿ ಇದೇ ತಿಂಗಳಿಗೆ ಇನ್ನೊಂದು ಕೆಲಸವೂ ನಿಗದಿಯಾಗಿದೆ. ದೇಶದ ಜನಗಣತಿಯ ತಲೆ ಎಣಿಕೆ ಆ ಫೆಬ್ರವರಿಯಲ್ಲೇ ನಡೆಯಲಿದೆ. ಧರ್ಮ ಯಾವುದೆಂದು ಎಂದಿನಂತೆ ಕೇಳುತ್ತಾರೆ, ಈ ಸಲ ಎಲ್ಲರ ಜಾತಿಯನ್ನೂ ಬರೆದುಕೊಳ್ಳುತ್ತಾರೆ.

ಕರ್ನಾಟಕದ ಹಲವು ತಾಂಡಾಗಳಲ್ಲಿ ಧರ್ಮದ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಾಗುವ ಮನೆಗಳಿವೆ. ಭಾನುವಾರ ಪ್ರಾರ್ಥನಾ ಕೂಟಕ್ಕೆ ಹೋಗುತ್ತಾರೆ, ಮನೆಯಲ್ಲಿ ಬೈಬಲ್ ಇದೆ. ಆದರೆ ಪೆಟ್ಟಿಗೆಯೊಳಗಿನ ಜಾತಿ ಪ್ರಮಾಣಪತ್ರದಲ್ಲಿರುವುದು ಹಿಂದೂ ಲಂಬಾಣಿ, ಪರಿಶಿಷ್ಟ ಜಾತಿ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮಗಳನ್ನು ಬಿಟ್ಟು ಬೇರೆ ಧರ್ಮಕ್ಕೆ ಸೇರಿದವರಿಗೆ ಆ ಸ್ಥಾನ ಇಲ್ಲ. ಮಗಳ ಹಾಸ್ಟೆಲ್ ಸೀಟು, ಮಗನ ವಿದ್ಯಾರ್ಥಿವೇತನ, ಮುಂದೊಂದು ದಿನದ ಸರ್ಕಾರಿ ಕೆಲಸ, ಎಲ್ಲವೂ ಆ ಒಂದು ಹಾಳೆಯ ಮೇಲೆ ನಿಂತಿವೆ.

ಇಷ್ಟು ದಿನ ಈ ವಿಷಯವನ್ನು ಯಾರೂ ಎತ್ತದೆ ಕಾಲ ತಳ್ಳಿದ್ದಾರೆ. ಇನ್ನು ಅದು ಸಾಗದು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ದೀಕ್ಷಾಸ್ನಾನ ಪಡೆದು ಚರ್ಚಿಗೆ ಹೋಗುತ್ತಿದ್ದ ಆಕೆ ಉದ್ಯೋಗಕ್ಕಾಗಿ ಹಿಂದೂ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳಿದ್ದರು. ನಿಜವಾದ ನಂಬುಗೆಯಿಲ್ಲದೆ ಬರೀ ಮೀಸಲಾತಿಗಾಗಿ ಧರ್ಮ ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು ಕೋರ್ಟು. 2025ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಹಂಚಿ, ಲಂಬಾಣಿ, ಭೋವಿ, ಕೊರಮ, ಕೊರಚರನ್ನು ಅಲೆಮಾರಿಗಳ ಜೊತೆ ಶೇ 5ರ ಗುಂಪಿಗೆ ಸೇರಿಸಿತು. ತಲೆ ಎಣಿಕೆಯ ಬೆಲೆ ಅಲ್ಲಿಂದ ಇನ್ನೂ ಏರಿತು. ಮರುತಿಂಗಳೇ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯ ಪಟ್ಟಿಯಲ್ಲಿ ಬಂಜಾರ ಕ್ರಿಶ್ಚಿಯನ್ ಎಂಬಂಥ ಹೆಸರುಗಳು ಕಾಣಿಸಿಕೊಂಡು ಗಲಾಟೆಯಾಯಿತು, ಆಯೋಗ ಅವನ್ನು ಆ್ಯಪ್‌ನಲ್ಲಿ ಕಾಣದಂತೆ ಮಾಡಿತು. ಪಟ್ಟಿಯಿಂದ ಹೆಸರು ಮರೆಯಾಯಿತು, ಆ ಮನೆಗಳು ಮಾತ್ರ ಇದ್ದಲ್ಲೇ ಇವೆ.

ಹಾಗಾಗಿ ಈಗಲೇ ಹೇಳಬೇಕು. ಮೊದಲ ಮಾತು ಪಾಸ್ಟರುಗಳಿಗೆ, ಉಪದೇಶಿಗಳಿಗೆ.

ಕ್ರೈಸ್ತ ಮತದೊಳಗೇ ಬರೀ ಬಾಯಿಮಾತಿನ ನಂಬಿಕೆಯ ಬಗ್ಗೆ ತೀಕ್ಷ್ಣವಾದ ಎಚ್ಚರಿಕೆಯಿದೆ. ದೇವರು ಒಬ್ಬನೆಂಬ ತಿಳಿವು ದೆವ್ವಗಳಿಗೂ ಇದೆ, ಅಷ್ಟರಿಂದಲೇ ಅವು ಉದ್ಧಾರವಾಗಲಿಲ್ಲ ಎಂಬರ್ಥದ ಮಾತನ್ನು ಯಾಕೋಬನ ಪತ್ರದ ಎರಡನೇ ಅಧ್ಯಾಯ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಯೇಸು ದೇವರೆಂದು ಒಪ್ಪುವುದು ಒಂದು. ಆತನ ಮೇಲೆ ಭಾರ ಹಾಕಿ, ಕೂಲಿ ಹಂಚುವಾಗ, ಹೆಂಡತಿಯೊಡನೆ ಮಾತಾಡುವಾಗ, ಪಕ್ಕದ ಮನೆಯವನ ಜಗಳದಲ್ಲಿ, ಬೇರೆಯೇ ಮನುಷ್ಯನಾಗಿ ನಡೆಯುವುದು ಇನ್ನೊಂದು. ಜರ್ಮನಿಯ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ 1937ರಲ್ಲಿ ಒಂದು ಇಡೀ ಪುಸ್ತಕವನ್ನು ಈ ಅಂತರದ ಮೇಲೆಯೇ ಬರೆದರು. ಬೆಲೆ ಕೊಡದೆ ಸಿಗುವ ಕೃಪೆಯೇ ಚರ್ಚಿನ ಶತ್ರು ಎಂಬುದು ಅವರ ವಾದ. 1945ರ ಏಪ್ರಿಲ್‌ನಲ್ಲಿ ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

ತಾಂಡಾದ ಕೂಟಗಳಲ್ಲಿ ಕೇಳಿಬರುವ ಸಾಕ್ಷಿಗಳಲ್ಲಿ ಜ್ವರ ಬಿಟ್ಟದ್ದು, ಗಂಡ ಕುಡಿತ ಬಿಟ್ಟದ್ದು ಮುಖ್ಯ. ಕುಡಿತದಿಂದ ಬೆಂದ ಹೆಣ್ಣುಮಗಳಿಗೆ ಅದಕ್ಕಿಂತ ದೊಡ್ಡ ಸುವಾರ್ತೆ ಬೇರೆ ಏನಿದ್ದೀತು? ಅದನ್ನು ಹಗುರ ಮಾಡಲು ಯಾರಿಗೂ ಹಕ್ಕಿಲ್ಲ. ಆದರೆ ವಾಸಿಯಾದ ಜ್ವರದ ಮೇಲೆ ಮಾತ್ರ ನಿಂತ ನಂಬಿಕೆ, ಮುಂದಿನ ಸಲ ಮಗುವಿನ ಜ್ವರ ಇಳಿಯದಾಗ ಎಲ್ಲಿ ನಿಲ್ಲುತ್ತದೆ? ಅಂಥ ನಂಬಿಕೆ ಹೊತ್ತವರನ್ನು ವಾರದೊಳಗೆ ನೀರಿಗಿಳಿಸಿ, ಸಂಖ್ಯೆ ಹೆಚ್ಚಿತೆಂದು ವರದಿ ಕಳಿಸುವುದು ತಪ್ಪು. ದೀಕ್ಷಾಸ್ನಾನಕ್ಕೆ ಮುಂಚೆಯೇ ಜಾತಿ ಪ್ರಮಾಣಪತ್ರದ ವಿಷಯವನ್ನು ಎದುರು ಕೂರಿಸಿಕೊಂಡು ಬಿಡಿಸಿ ಹೇಳಬೇಕು. ಹೇಳದೆ ಸ್ನಾನ ಮಾಡಿಸಿ, ಆಮೇಲೆ ಕಾಗದದಲ್ಲಿ ಹಿಂದೂ ಎಂದೇ ಇರಲಿ, ಮನಸ್ಸಿನಲ್ಲಿ ಯೇಸು ಇದ್ದರೆ ಸಾಕು ಎನ್ನುವ ಬೋಧಕ ಆ ಕುಟುಂಬಕ್ಕೆ ಸುಳ್ಳನ್ನೇ ಮೊದಲ ಪಾಠವಾಗಿ ಕಲಿಸಿರುತ್ತಾನೆ.

1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕೆರಳಿತು. ಜಾತಿ, ಬಂಧುಬಳಗ ಎಲ್ಲ ಕಳೆದುಕೊಂಡರೂ ಅವರು ಹಿಂದೆ ಸರಿಯಲಿಲ್ಲ. ಬಾಸೆಲ್‌ಗೆ ಹೋಗಿ ಕಲಿತು ಪಾದ್ರಿಯಾಗಿ ಮರಳಿದರು. ಈ ಕಥೆಯನ್ನು ಉಪದೇಶದಲ್ಲಿ ಹೇಳುವವರು ಒಂದನ್ನು ನೆನಪಿಡಬೇಕು. ಕೌಂಡಿನ್ಯರ ಬೆನ್ನಿಗೆ ಇಡೀ ಮಿಷನ್ ನಿಂತಿತ್ತು. ಮಲೆನಾಡಿನ ಕಾಫಿ ತೋಟಕ್ಕೆ ಗುಳೆ ಹೋಗುವ ಲಂಬಾಣಿ ಹೆಣ್ಣಿನ ಬೆನ್ನಿಗೆ ಯಾರಿದ್ದಾರೆ? ಆಕೆ ಗಣತಿದಾರನ ಮುಂದೆ ತಡವರಿಸಿದರೆ ಆಕೆಯ ವಿಶ್ವಾಸ ಹುಸಿಯೆಂದು ತೀರ್ಮಾನಿಸಬಾರದು. ಅಂಗಳದ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತಾ ಯೇಸುವಿನ ಶಿಷ್ಯ ಪೇತ್ರನೇ ಮೂರು ಸಲ ತನಗೆ ಯೇಸು ಗೊತ್ತಿಲ್ಲ ಎಂದ. ಯೇಸು ಅವನನ್ನು ತಳ್ಳಿಹಾಕಲಿಲ್ಲ, ಕುರಿಗಳನ್ನು ಅವನ ಕೈಗೇ ಒಪ್ಪಿಸಿದ. ಹೆದರಿಕೆಗೂ ಕಪಟಕ್ಕೂ ಬಹಳ ದೂರ. ಇಂಥ ಹೆದರಿಕೆ ಹುಟ್ಟಿಸಿರುವುದು ನಮ್ಮ ಕಾನೂನು. ಧರ್ಮ ಬದಲಾದ ಮಾತ್ರಕ್ಕೆ ಊರಿನವರ ಕಣ್ಣಿನಲ್ಲಿ ಜಾತಿ ಬದಲಾಗುವುದಿಲ್ಲ ಎಂಬ ಸತ್ಯವನ್ನು 1950ರ ಆದೇಶ ಕಾಣಲಿಲ್ಲ. ಇದನ್ನು ಪರಿಶೀಲಿಸಲು 2022ರಲ್ಲಿ ನೇಮಿಸಿದ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗದ ಕೆಲಸ ಗಣತಿಗಿಂತ ಮೊದಲು ಮುಗಿಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇನ್ನು ತಾಂಡಾದ ಹಿರಿಯರಾದ ನಾಯಕ್, ಡಾವ್, ಕಾರಭಾರಿಗಳಿಗೆ. ಗಣತಿ ಹತ್ತಿರ ಬಂದಂತೆ ಪ್ರಾರ್ಥನೆಗೆ ಹೋಗುವ ಮನೆಗಳ ಮೇಲೆ ಒತ್ತಡ ಹಾಕುವ, ಹಬ್ಬಕ್ಕೆ ಕರೆಯದಿರುವ ಮಾತು ಏಳಬಹುದು. ಏಳುವ ಮೊದಲೇ ಹಿರಿಯರು ಅದನ್ನು ತಡೆಯಬೇಕು. ತಿಳಿದುಕೋ, ಸೋಸಿ ನೋಡು, ಆಮೇಲೆ ಒಪ್ಪು ಎಂಬರ್ಥದ ಮಾತನ್ನು ಬಂಜಾರರು ಸೇವಾಲಾಲರದೆಂದು ತಲೆಮಾರುಗಳಿಂದ ನೆನೆಯುತ್ತ ಬಂದಿದ್ದಾರೆ. ಸೋಸಿ ನೋಡುವ ಹಕ್ಕನ್ನು ಕೊಟ್ಟ ಗುರುವಿನ ಹೆಸರಿನಲ್ಲಿ ಯಾರ ಮೇಲೂ ಬಲವಂತ ನಡೆಯಕೂಡದು. ಕುಡಿಯಬೇಡಿ ಎಂದದ್ದೂ ಅದೇ ಗುರು. ವ್ರತದ ದಿನಗಳಲ್ಲಿ ಮದ್ಯ ಮುಟ್ಟದೆ ಬಂದು, ಸೂರಗೊಂಡನಕೊಪ್ಪದಲ್ಲಿ ಮಾಲೆ ಇಳಿಸಿ, ಊರಿಗೆ ಮರಳುವ ದಾರಿಯಲ್ಲೇ ಮತ್ತೆ ಕುಡಿತ ಹಿಡಿದವನಿಗೂ, ಭಾನುವಾರ ಹಲ್ಲೆಲೂಯ ಎಂದು ಸೋಮವಾರ ಹೆಂಡತಿಗೆ ಹೊಡೆಯುವವನಿಗೂ ಇರುವುದು ಒಂದೇ ರೋಗ. ತಾಂಡಾದಲ್ಲಿ ಕಳ್ಳಬಟ್ಟಿ, ಬಾಟಲಿ ಎರಡೂ ನಿಂತರೆ ಹೆಂಗಸರು ಮನಸ್ಸಿನ ನೆಮ್ಮದಿ ಹುಡುಕಿ ಎಲ್ಲಿಗೆ ಹೋಗುತ್ತಾರೆಂಬ ಚಿಂತೆ ಹಿರಿಯರಿಗೆ ಬೇಕಾಗುವುದಿಲ್ಲ.

ಅಧಿಕಾರಿಗಳಿಗೆ ಹೇಳಬೇಕಾದ್ದು ಕಡಿಮೆ. ಮನೆಯವರು ಏನು ಹೇಳುತ್ತಾರೋ ಅದನ್ನೇ ಬರೆಯುವುದು ಗಣತಿದಾರರ ಕೆಲಸ. 1948ರ ಜನಗಣತಿ ಕಾಯ್ದೆಯ ಪ್ರಕಾರ ಆ ವಿವರ ಗುಟ್ಟಾಗಿರಬೇಕು. ಇದನ್ನು ಕನ್ನಡದಲ್ಲೂ ಬಂಜಾರರ ಮಾತಾದ ಗೋರ್ ಬೋಲಿಯಲ್ಲೂ ತಾಂಡಾಗಳಲ್ಲಿ ಮುಂಚಿತವಾಗಿ ಸಾರಿ ಹೇಳಿದರೆ ಅರ್ಧ ಭಯ ಕಳೆಯುತ್ತದೆ.

ಸೂರಗೊಂಡನಕೊಪ್ಪದ ಜಾತ್ರೆಗೆ ಮುನ್ನ ಸಿದ್ಧತಾ ಸಭೆ ಸೇರಿಯೇ ಸೇರುತ್ತದೆ. ಕುಡಿಯುವ ನೀರು, ಬಸ್ಸು, ದೀಪ, ಶೌಚಾಲಯದ ಜೊತೆಗೆ ಈ ಸಲ ಗಣತಿಯೂ ಚರ್ಚೆಗೆ ಬರಬೇಕು. ಜಾತ್ರೆಗೆ ಬಂದವರ ಬೀಗ ಹಾಕಿದ ಮನೆಗಳಿಗೆ ಮತ್ತೆ ಯಾವ ದಿನ ಹೋಗುತ್ತಾರೆ, ಗುಳೆ ಹೋದವರನ್ನು ಎಲ್ಲಿ ಎಣಿಸುತ್ತಾರೆ ಎಂಬುದನ್ನು ಅಲ್ಲೇ ತೀರ್ಮಾನಿಸಬೇಕು. ಧರ್ಮ ಯಾವುದೆಂದು ಕೇಳುವ ಹೊತ್ತಿಗೆ ಆ ಮನೆಯವರ ಹೊರತು ಪಾಸ್ಟರಾಗಲಿ ಕಾರಭಾರಿಯಾಗಲಿ ಬಾಗಿಲಲ್ಲಿ ನಿಂತಿರಬಾರದು.