ಬಬಿಯಾ ಸಸ್ಯಾಹಾರಿ ಎಂದು ಪಾಠ ಮಾಡುವವರಿಗೆ

ಕುಂಬಳೆ ಸಮೀಪದ ಅನಂತಪುರ ಸರೋವರ ಕ್ಷೇತ್ರದ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ಸತ್ತಾಗ ಊರಿಗೆ ಊರೇ ಅಂತಿಮ ದರ್ಶನಕ್ಕೆ ಹೋಯಿತು. ಆ ದುಃಖಕ್ಕೆ ನಮ್ಮ ಗೌರವವಿದೆ. ನಮ್ಮ ತಕರಾರು ಬೇರೆ. 'ಜಗತ್ತಿನ ಏಕೈಕ ಸಸ್ಯಾಹಾರಿ ಮೊಸಳೆ' ಎಂಬ ಮಾತನ್ನು ಭಾಷಣ, ಪ್ರಬಂಧ, ರಸಪ್ರಶ್ನೆಗಳಲ್ಲಿ ವಿಜ್ಞಾನದ ಸತ್ಯವೆಂಬಂತೆ ಮಕ್ಕಳ ಬಾಯಿಗೆ ತುರುಕುತ್ತಿದ್ದೇವಲ್ಲ, ಇದು ಸರಿಯೇ?

ಅರ್ಚಕರು ಕೊಟ್ಟ ನೈವೇದ್ಯದ ಅನ್ನವನ್ನು ಬಬಿಯಾ ತಿನ್ನುತ್ತಿದ್ದುದು ನಿಜ. ಆದರೆ ಅದು ಸಿಹಿನೀರಿನ ಮಗ್ಗರ್ ಜಾತಿಯ ಮೊಸಳೆ. ಮೀನು, ಕಪ್ಪೆ, ಹಕ್ಕಿ, ಕೈಗೆ ಸಿಕ್ಕಿದ ಪ್ರಾಣಿ, ಇವೇ ಆ ಜಾತಿಯ ಆಹಾರ. ಅದರ ಹಲ್ಲು ಇರುವುದು ಹಿಡಿಯಲಿಕ್ಕೆ, ಜಗಿಯಲಿಕ್ಕಲ್ಲ. ಶೀತರಕ್ತದ ಪ್ರಾಣಿಯಾದ್ದರಿಂದ ಸ್ವಲ್ಪ ತಿಂದರೂ ಬಹಳ ದಿನ ಬದುಕುತ್ತದೆ. ರಾತ್ರಿ ಕೆರೆಯೊಳಗೆ ಅದು ಏನು ತಿನ್ನುತ್ತಿತ್ತೆಂದು ಕಾವಲು ಕೂತು ನೋಡಿದವರು ಯಾರು?

'ಹಾಗಾದರೆ ಯಾರಿಗೂ ಯಾಕೆ ಕಚ್ಚಲಿಲ್ಲ ಮಾಷ್ಟ್ರೇ?' ಎನ್ನುತ್ತೀರಿ. ಜನ ಅದಕ್ಕೆ ಕಲ್ಲು ಹೊಡೆಯಲಿಲ್ಲ, ಬಲೆ ಬೀಸಲಿಲ್ಲ, ಅದರ ಜಾಗವನ್ನು ಅದಕ್ಕೇ ಬಿಟ್ಟರು. ಹೊಟ್ಟೆಗೂ ಕೊಟ್ಟರು. ಈ ಸಹನೆಯೇ ನಮ್ಮ ಊರಿನ ದೊಡ್ಡತನ. ಪವಾಡ ಎಂದುಬಿಟ್ಟರೆ ಆ ಜನರ ಪಾಲಿನ ಕೀರ್ತಿ ಎಲ್ಲಿಗೆ ಹೋಯಿತು?

ಇನ್ನೊಂದು ಮಾತು. 'ಮಾಂಸ ಮುಟ್ಟದ ಒಳ್ಳೆಯ ಮೊಸಳೆ' ಎಂದು ನಾವು ಹೇಳುವಾಗ ಬೆಂಚಿನಲ್ಲಿ ಕೂತಿರುವವರು ಬೆಳಿಗ್ಗೆ ಬೂತಾಯಿ ಸಾರು ಉಂಡು ಬಂದ ಮಕ್ಕಳು. ಅವರಿಗೆ ಏನು ಕಲಿಸಿದ ಹಾಗಾಯಿತು?

2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಅದು ನಿರುಪದ್ರವಿ ಎಂದು ಬರೆದುಕೊಟ್ಟವರು ಯಾರೂ ಇಲ್ಲ. ದಾಂಡೇಲಿಯ ಕಾಳಿ ನದಿಯಲ್ಲಿರುವುದೂ ಇದೇ ಮಗ್ಗರ್. ಅಲ್ಲಿ ಮನುಷ್ಯರ ಪ್ರಾಣ ಹೋದದ್ದುಂಟು. 'ಮೊಸಳೆ ಅನ್ನ ತಿನ್ನುತ್ತದೆ' ಎಂದು ನಂಬಿದ ಮಗು ನಾಳೆ ಯಾವುದಾದರೂ ಹೊಳೆಗೆ ಇಳಿದರೆ ಹೊಣೆ ಯಾರದು?

ದೇವಸ್ಥಾನದಲ್ಲಿ ಭಕ್ತಿಯಿಂದ ಕೈಮುಗಿಯಿರಿ, ಬೇಡವೆನ್ನುವವರು ನಾವಲ್ಲ. ಆದರೆ ತರಗತಿಯಲ್ಲಿ ಮೊಸಳೆಯನ್ನು ಮೊಸಳೆ ಎಂದೇ ಕಲಿಸೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮಗ್ಗರ್‌ಗೆ ರಕ್ಷಣೆ ಕೊಟ್ಟದ್ದು ಅದು ಅನ್ನ ತಿನ್ನುತ್ತದೆಂದಲ್ಲ. ಮೀನು ತಿಂದರೂ ಬಬಿಯಾ ನಮ್ಮದೇ ಆಗಿತ್ತು!